ಕ್ರಂಬಲ್‌ಗೆ ಓಟ್ಸೋ, ಗೋಧಿಯೋ, ನಮ್ಮ ಜೋಳವೋ?

ಕೆಳಗೆ ಹಣ್ಣು, ಮೇಲೆ ಬೆಣ್ಣೆ ಹಾಕಿ ಉದುರುದುರಾಗಿ ಕಲಸಿದ ಹಿಟ್ಟು. ಅದನ್ನು ಓವನ್‌ನಲ್ಲಿಟ್ಟರೆ ಕ್ರಂಬಲ್. ಇಂಗ್ಲೆಂಡಿನ ತಿಂಡಿ ಇದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ಬೆಣ್ಣೆ, ಸಕ್ಕರೆ ಎಲ್ಲಾ ರೇಷನ್ ಆಗಿತ್ತು. ಹಿಟ್ಟಿನ ಹಾಳೆಯೊಳಗೆ ಹಣ್ಣಿಟ್ಟು ಬೇಯಿಸುವ ಪೈಗಿಂತ ಕಡಿಮೆ ಸಾಮಾನು ಸಾಕು ಅಂತ ಆಗ ಇದು ಮನೆಮನೆಗೂ ಹಬ್ಬಿತು. ಅಂಥ ತಿಂಡಿಗೆ ಕೊಪ್ಪಳದಲ್ಲಿ ಕೂತು ದುಬಾರಿ ಸೇಬು, ಬಾದಾಮಿ ಯಾಕೆ ತರಬೇಕು ಅಲ್ವಾ? ಮೈದಾ, ಬಿಳಿ ಸಕ್ಕರೆ ಬಿಟ್ಟು, ಮೂರು ಹಿಟ್ಟಿನಲ್ಲೂ ಮಾಡಿ ನೋಡಿದೆ.

ಓಟ್ಸ್ ಗರಿಗರಿಯಾಗಿ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರಿದ ಮೇಲೆ ಹಲ್ಲಿಗೆ ಅಂಟುತ್ತದೆ. ಗೋಧಿ ಹಿಟ್ಟು ರುಚಿ ಚೆನ್ನಾಗಿದೆ, ಕೈ ಮಾತ್ರ ಹಗುರ ಇರಬೇಕು. ಸ್ವಲ್ಪ ಜಾಸ್ತಿ ನಾದಿದರೂ ಅಂಟು ಬಂದು, ಬೆಂದಾಗ ಗಟ್ಟಿ ಹೆಂಟೆಯಾಗುತ್ತದೆ.

ಜೋಳದಲ್ಲಿ ಆ ತೊಂದರೆಯೇ ಇಲ್ಲ, ಯಾಕಂದ್ರೆ ಗೋಧಿಗೆ ಆ ಅಂಟು ತರುವ ಗ್ಲುಟೆನ್ ಅದರಲ್ಲಿ ಇಲ್ಲ. ರೊಟ್ಟಿಗೆ ಕುದಿಯುವ ಎಸರು ಹಾಕಿ ಜಿಗಿ ಬರಿಸುತ್ತೇವಲ್ಲ, ಇಲ್ಲಿ ಆ ಜಿಗಿಯೇ ಬೇಡ. ನೀರು ಮುಟ್ಟಿಸದೆ ತಣ್ಣನೆ ಬೆಣ್ಣೆಯಲ್ಲಿ ಬೆರಳ ತುದಿಯಿಂದ ತಿಕ್ಕಿದರೆ ದಪ್ಪ ರವೆಯ ಹಾಗೆ ಉದುರುತ್ತದೆ. ಬರೀ ಜೋಳ ಬಾಯಲ್ಲಿ ಒಣಒಣ ಅನ್ನಿಸುತ್ತದೆ, ಅದು ನಿಜ. ಹುರಿದು ತರಿತರಿ ಕುಟ್ಟಿದ ಶೇಂಗಾ ಬೆರೆಸಿದರೆ ಅದರ ಎಣ್ಣೆಯಂಶ ಅದನ್ನು ಸರಿ ಮಾಡುತ್ತದೆ. ಹಿಟ್ಟನ್ನು ಮೊದಲು ಬೆಚ್ಚಗೆ ಹುರಿದುಕೊಳ್ಳಿ, ಹಸಿ ವಾಸನೆ ಹೋಗುತ್ತದೆ. ಹಳೇ ಹಿಟ್ಟು ಕಹಿ ಬರುತ್ತದೆ, ಗಿರಣಿಯಿಂದ ಆಗಷ್ಟೇ ಬೀಸಿಸಿದ್ದೇ ಬೇಕು. ನಮ್ಮತ್ತೆ ಒಂದು ಚಮಚ ಬಾಯಿಗಿಟ್ಟು, “ಇದರಾಗ ಜ್ವಾಳದ ಹಿಟ್ಟೈತಂತ ಯಾರಿಗೂ ತಿಳಿಯಂಗಿಲ್ಲ ನೋಡವ್ವಾ” ಅಂದರು. ನನ್ನ ಓಟು ಜೋಳಕ್ಕೇ.

ನನ್ನ ಅಳತೆ: ಜೋಳದ ಹಿಟ್ಟು 120 ಗ್ರಾಂ, ಶೇಂಗಾ 50, ಬೆಲ್ಲದ ಪುಡಿ 50, ಬೆಣ್ಣೆ 70. ಕೆಳಗೆ ಅರ್ಧ ಕೆಜಿ ಹಣ್ಣು. 180 ಡಿಗ್ರಿಯಲ್ಲಿ ಸುಮಾರು 35 ನಿಮಿಷ. ಬೆಲ್ಲ ಸಕ್ಕರೆಗಿಂತ ಬೇಗ ಕಪ್ಪಾಗುತ್ತದೆ, ಕೊನೆಗೆ ಕಣ್ಣಿಟ್ಟಿರಿ. ತುಪ್ಪವೂ ನಡೆಯುತ್ತದೆ. ಅದರಲ್ಲಿ ಬೆಣ್ಣೆಯಂತೆ ನೀರಿರುವುದಿಲ್ಲ, ಹಾಗಾಗಿ 55 ಗ್ರಾಂ ಸಾಕು. ಪರಿಮಳ ತುಪ್ಪದ್ದು ಮೇಲು, ಹದ ಬೆಣ್ಣೆಯದ್ದು.

ಹಣ್ಣಿನಲ್ಲಿ ಪೇರಲಕ್ಕೆ ನನ್ನ ಮೊದಲ ಮಣೆ. ಜಾಮ್ ಗಟ್ಟಿಯಾಗಿಸುವ ಪೆಕ್ಟಿನ್ ಅನ್ನೋ ಅಂಶ ಜಾಸ್ತಿ ಇರೋದರಿಂದ ರಸ ತಾನೇ ಗಟ್ಟಿಯಾಗುತ್ತದೆ. ನಡುವಿನ ಬೀಜದ ತಿರುಳು ತೆಗೆಯಲೇಬೇಕು, ಇಲ್ಲದಿದ್ದರೆ ಪ್ರತಿ ತುತ್ತಿಗೂ ಹಲ್ಲಿಗೆ ಕಲ್ಲು. ಸೇಬು ಸಪ್ಪೆ, ನಿಂಬೆರಸ ಬೇಡುತ್ತದೆ. ಬಳ್ಳಾರಿ ಕಡೆಯ ಹಸಿ ಅಂಜೂರ ಬಲು ಮೃದು, ಬೇಯಿಸಿದರೆ ಕರಗಿ ಜಾಮ್ ಆಗುತ್ತದೆ. ಅದಕ್ಕಿಂತ ಒಣ ಅಂಜೂರವನ್ನು ಹೆಚ್ಚಿ, ಬಿಸಿನೀರಲ್ಲಿ ನೆನೆಸಿ ಪೇರಲದ ಜೊತೆ ಸೇರಿಸಿ. ಒಣದ್ರಾಕ್ಷಿಯೂ ಹಾಗೇ, ಹಣ್ಣಿನ ಒಳಗೇ ಇರಲಿ. ಮೇಲೆ ಉದುರಿಸಿದರೆ ಸೀದು ಕಹಿಯಾಗುತ್ತದೆ.

ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಕೇಸರ್ ಮಾವು ಬಂದಾಗ ಬೆಲ್ಲ ಅರ್ಧಕ್ಕಿಳಿಸಿ. ಮಾವು ನೀರು ಬಿಡುತ್ತದೆ, ಅದಕ್ಕೆ ಹೋಳುಗಳ ಮೇಲೆ ಒಂದು ಚಮಚ ಜೋಳದ ಹಿಟ್ಟು ಉದುರಿಸಿ ಕೈಯಾಡಿಸಿ, ಆಮೇಲೆ ಕಲಸಿದ ಹಿಟ್ಟಿನ ಹೊದಿಕೆ ಹಾಕಿ.