ಸಾಧನಕೇರಿ ಹತ್ತಿರದ ಪದ್ಯದ ಕ್ಲಾಸು: ಮಕ್ಕಳನ್ನು ಕಳಿಸಬಹುದಾ?

ಕಳಿಸಿ. ನನ್ನ ಮಗಳು ಮೂರನೇ ಕ್ಲಾಸು. 8 ಭಾನುವಾರ ಹೋಗಿ ಬಂದಳು, 1,200 ರೂಪಾಯಿ ಫೀ. ಧಾರವಾಡದ ಸಾಧನಕೇರಿ ಹತ್ತಿರ ಅಕ್ಕೋರು ತಮ್ಮ ಮನೆಯ ಪಡಸಾಲೆಯಲ್ಲೇ ಕಲಿಸುತ್ತಾರೆ.

ಇಷ್ಟು ದಿನ ಮಗಳಿಗೆ ಪ್ರಾಸ ಅಂದರೆ ಸಾಲಿನ ಕೊನೇ ಅಕ್ಷರ ಒಂದೇ ಇರೋದು, ಅಷ್ಟೇ. ಒಂದು ಸಾಲು ‘ಮನೆಗೆ’, ಇನ್ನೊಂದು ‘ಶಾಲೆಗೆ’, ಪದ್ಯ ಮುಗೀತು. ಅಕ್ಕೋರು ಮೊದಲ ದಿನವೇ "ಬಾಲ ಕತ್ತರಿಸಿ ನೋಡ್ರಿ" ಅಂದರಂತೆ. ‘ಗೆ’ ತೆಗೆದರೆ ಉಳಿಯೋದು ಮನೆ, ಶಾಲೆ. ಕಿವಿಗೆ ಕೂಡೋದೇ ಇಲ್ಲ. ಹಳ್ಳಕ್ಕೆ, ಬಳ್ಳಕ್ಕೆ ಅಂದರೆ ಬಾಲ ಹೋದರೂ ಹಳ್ಳ, ಬಳ್ಳ ಹಾಗೇ ಜೋಡಿಯಾಗಿ ನಿಲ್ಲುತ್ತವೆ. ಕನ್ನಡದಲ್ಲಿ ‘ಗೆ’, ‘ಅಲ್ಲಿ’, ‘ನು’ ಎಲ್ಲಾ ಪದಕ್ಕೂ ಅಂಟುತ್ತವೆ ಅಲ್ವಾ, ಅದಕ್ಕೇ ಮಕ್ಕಳಿಗೆ ಪ್ರಾಸ ಸಿಕ್ಕೇಬಿಟ್ಟಿತು ಅನಿಸುತ್ತದೆ. ಇದನ್ನು ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೇ ವಾರದಿಂದ ಗಾದೆಗಳು. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.’ ಕೊನೆಯಲ್ಲಿ ಹಳ್ಳ, ಬಳ್ಳ ಸೇರೋದು ಎಲ್ಲರಿಗೂ ಕೇಳುತ್ತದೆ. ಆದರೆ ಶುರುವಿನಲ್ಲೇ ಹನಿ, ತೆನೆ ಎರಡರಲ್ಲೂ ಎರಡನೇ ಅಕ್ಷರ ‘ನ’ಕಾರ. ಇದು ಆದಿಪ್ರಾಸ, ನಮ್ಮ ಹಳೇ ಕಾವ್ಯಗಳು ನಡೆದದ್ದೇ ಇದರ ಮೇಲೆ. ಮಕ್ಕಳು ಗಾದೆ ಹೇಳುತ್ತಾ ಎರಡನೇ ಅಕ್ಷರಕ್ಕೆ ಚಪ್ಪಾಳೆ ಹೊಡೆಯಬೇಕು. ಪುಸ್ತಕ ಇಲ್ಲ, ವ್ಯಾಖ್ಯೆ ಇಲ್ಲ. ಮನೆಗೆ ಬಂದು "ಬಳ್ಳ ಅಂದ್ರ ಏನಪ್ಪಾ?" ಅಂತ ಕೇಳಿದಳು, ನಮ್ಮ ಅವ್ವ ಅಟ್ಟದಿಂದ ಜೋಳ ಅಳೆಯುವ ಹಳೇ ಬಳ್ಳ ತೆಗೆಸಿ ಕೈಗೆ ಕೊಟ್ಟಳು.

ಆಮೇಲೆ ಪ್ರಾಣಿಗಳು ಬಂದವು. ಆದಿಪ್ರಾಸದಲ್ಲಿ ಆರು ಬಗೆ, ಆರಕ್ಕೂ ಪ್ರಾಣಿಗಳ ಹೆಸರು. ಪದ್ಯ ಕಟ್ಟುವ ನಿಯಮ ಹೇಳುವ ಹಳೇ ಪುಸ್ತಕ, ನಾಗವರ್ಮನ ‘ಛಂದೋಂಬುಧಿ’ಯಲ್ಲೇ ಇವೆ. ಮೊದಲ ಅಕ್ಷರ ಹನಿ, ತೆನೆಯ ಹಾಗೆ ಗಿಡ್ಡ ಇದ್ದರೆ ಸಿಂಹ. ‘ತಾಳಿದವನು ಬಾಳಿಯಾನು’ ಅನ್ನುವಾಗ ತಾ, ಬಾ ಉದ್ದ, ಅದು ಗಜ. ಸೊನ್ನೆ ಬಂದರೆ ವೃಷಭ. ಮಗಳು ತಾನೇ ಕಟ್ಟಿದ್ದು, ‘ಅಂಗಿ ಹರಿಯಿತು, ಮಂಗ ನಕ್ಕಿತು’. ಎಷ್ಟು ಸರಿಯಾಗಿದೆ ನೋಡಿ, ಎರಡೂ ಕಡೆ ಸೊನ್ನೆ, ಎರಡೂ ಕಡೆ ‘ಗ’! ಅಕ್ಕೋರು ವಿಸರ್ಗದ್ದನ್ನೂ ಬೇರೆ ಬೇರೆ ಅಕ್ಷರದ ಒತ್ತಿನದ್ದನ್ನೂ ದೊಡ್ಡ ಮಕ್ಕಳಿಗೆ ಅಂತ ಬಿಟ್ಟಿದ್ದಾರೆ, ಒಳ್ಳೇದೇ ಮಾಡಿದರು.

ಬೇಜಾರು ಒಂದೇ. 22 ಮಕ್ಕಳು ಜಾಸ್ತಿ ಆಯ್ತು. ಜೋರಾಗಿ ಕೂಗುವವರ ಸಾಲಷ್ಟೇ ಹಲಗೆ ಮೇಲೆ ಬರುತ್ತದೆ, ನಾಚಿಕೆಯ ಮಕ್ಕಳು ಹಿಂದೆ ಸುಮ್ನೆ ಕೂತಿರುತ್ತಾರೆ. ಇದನ್ನು ಅಕ್ಕೋರಿಗೆ ನೇರವಾಗಿ ಹೇಳಿದೆ. ದಸರಾ ರಜೆ ಮುಗಿದ ಮೇಲೆ ಎರಡು ಗುಂಪು ಮಾಡ್ತೀನಿ ಅಂದಿದ್ದಾರೆ. ಮಾಡಿದರೆ ತಂಗಿಯ ಮಗನನ್ನೂ ಹುಬ್ಬಳ್ಳಿಯಿಂದ ಕರೆತಂದು ಸೇರಿಸುತ್ತೇನೆ.