7 ಅಡಿ ಟೆಲಿಸ್ಕೋಪಿಕ್ ರಾಡ್ ಸೆಟ್: ಬೇಸಿಗೆ ಶುರುವಿನ ಸೂಳೆಕೆರೆಗೆ ಸಾಕಾಗುತ್ತಾ?

ಚನ್ನಗಿರಿಯ ಸೂಳೆಕೆರೆ ದಡದಲ್ಲಿ ಜಿಲೇಬಿ ಮೀನು (ತಿಲಾಪಿಯಾ), ಒಂದೆರಡು ಕೆಜಿ ತೂಗುವ ರೋಹು, ಗೆಂಡೆ ಹಿಡಿಯುವವರಿಗೆ ಈ ಸೆಟ್ ಧಾರಾಳ ಸಾಕು. ಹರಿಹರದ ತುಂಗಭದ್ರೆಯ ಸೆಳೆತದಲ್ಲಿ ದೊಡ್ಡ ಕಾಟ್ಲಾ ಹಿಡಿಯಬೇಕು ಅನ್ನುವವರಿಗೆ ಇದು ಬೇಡ. ಸಾವಿರದಿಂದ ಸಾವಿರದೈನೂರು ರೂಪಾಯಿ ಆಸುಪಾಸಿಗೆ ಸಿಗುವ ಈ ಸೆಟ್‌ಗಳಲ್ಲಿ ಬಾಕ್ಸ್ ಮೇಲಿನ ಹೆಸರು ಬೇರೆ ಬೇರೆ, ಒಳಗಿನ ಮಾಲು ಹೆಚ್ಚುಕಡಿಮೆ ಒಂದೇ: ತುಂಡುಗಳು ಒಂದರೊಳಗೊಂದು ಸರಿದು ಮಡಚಿದರೆ ಬ್ಯಾಗಿನೊಳಗೆ ಕೂರುವ 2.1 ಮೀಟರ್ ರಾಡ್, 3000 ಸೈಜಿನ ಸ್ಪಿನ್ನಿಂಗ್ ರೀಲ್, ಅದರಲ್ಲಿ ಮೊದಲೇ ಸುತ್ತಿದ ದಾರ, ಒಂದಿಷ್ಟು ಗಾಳ, ಬೆಂಡು, ಸೀಸದ ಗುಂಡು. ರಾಡ್ ಮತ್ತು ರೀಲು ಕೊಟ್ಟ ದುಡ್ಡಿಗೆ ಮೋಸವಿಲ್ಲ. ದಾರ ಮತ್ತು ಗಾಳ ಮಾತ್ರ ಮೊದಲ ದಿನವೇ ತೆಗೆದುಹಾಕಬೇಕಾದವು.

ಹಿಮಾಚಲದ ಟ್ರೌಟ್ ನದಿಗಳಲ್ಲಿ ಬೇಸಿಗೆ ಶುರುವಾದರೆ ಹಿಮ ಕರಗಿ ನೀರು ಏರುತ್ತದೆ, ಕದಡುತ್ತದೆ. ನಮ್ಮ ಚನ್ನಗಿರಿ ಸೀಮೆಯಲ್ಲಿ ಅದೇ ಹೊತ್ತಿಗೆ ಕೆರೆ ಇಳಿಯುತ್ತದೆ, ನೀರು ಬಿಸಿಯಾಗುತ್ತದೆ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿ ನೀರು ಹಿಡಿಯುವುದು ಏಳೂವರೆಯಷ್ಟೇ. ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಬೆಳಕು ಹರಿಯುವ ಹೊತ್ತು ಮೀನು ದಡದ ತೆಳುನೀರಿಗೆ ಬರುತ್ತದೆ, ಬಿಸಿಲೇರಿದಂತೆ ಆಳಕ್ಕೆ ಸರಿಯುತ್ತದೆ. ಗಾಳಿ ಬೀಸಿ ಅಲೆ ಬಡಿಯುವ ದಡ, ಹಳ್ಳದ ನೀರೋ ಚಾನಲ್ ನೀರೋ ಬಂದು ಬೀಳುವ ಬಾಯಿ, ಇವೆರಡು ಕಡೆ ಬಿಸಿಲಲ್ಲೂ ಮೀನು ನಿಲ್ಲುತ್ತದೆ, ಅಲ್ಲಿ ನೀರಿಗೆ ಗಾಳಿ ಬೆರೆಯುತ್ತಿರುತ್ತದೆ. ಬೆಳಗಿನ ಆರರಿಂದ ಎಂಟೂವರೆವರೆಗೆ ದಡದಿಂದ 15-20 ಮೀಟರ್ ಒಳಗೇ ಕೆಲಸ ಮುಗಿಯುವುದರಿಂದ ಈ ಗಿಡ್ಡ ರಾಡ್ ಸಾಲುತ್ತದೆ. ಮಳೆಗಾಲದಲ್ಲಿ ಕೆರೆ ತುಂಬಿ ದೂರ ಎಸೆಯಬೇಕಾದಾಗ ಈ ಮಾತು ಹೇಳಲಾಗದು.

ಈಗ ದಾರದ ವಿಷಯ. ಸೆಟ್‌ನಲ್ಲಿ ಬರುವ ದಾರ ಸುರುಳಿ ಬಿಡದೆ ಸ್ಪ್ರಿಂಗಿನಂತೆ ನಿಲ್ಲುತ್ತದೆ, ಗಂಟು ಹಾಕಿದ ಜಾಗದಲ್ಲೇ ಕಡಿಯುತ್ತದೆ. 0.28 ಅಥವಾ 0.30 ಮಿಲಿಮೀಟರ್ ದಪ್ಪದ ಒಳ್ಳೆಯ ನೈಲಾನ್ ದಾರ 100 ಮೀಟರ್ ಬೇರೆ ಕೊಳ್ಳಿ. ಅದಕ್ಕಿಂತ ದಪ್ಪದ್ದು ಬೇಡ, ಸಣ್ಣ ಸ್ಪೂಲಿನಿಂದ (ರೀಲಿನಲ್ಲಿ ದಾರ ಸುತ್ತುವ ಉರುಳೆ) ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಹಳೇ ದಾರವನ್ನೇ ಅಡಿಗೆ ಸ್ವಲ್ಪ ಉಳಿಸಿ, ಅದರ ಮೇಲೆ ಹೊಸದನ್ನು ಸ್ಪೂಲಿನ ಅಂಚಿಗೆ 2 ಮಿಲಿಮೀಟರ್ ಬಾಕಿ ಇರುವಷ್ಟು ತುಂಬಿಸಿ. ಕಡಿಮೆ ತುಂಬಿದರೆ ಎಸೆತ ಗಿಡ್ಡವಾಗುತ್ತದೆ, ಅಂಚಿನವರೆಗೂ ತುಂಬಿದರೆ ಒಂದೇ ಎಸೆತಕ್ಕೆ ಹತ್ತು ಸುತ್ತು ಒಟ್ಟಿಗೆ ಹಾರಿ ಗೋಜಲಾಗುತ್ತದೆ. ಸುತ್ತುವಾಗ ದಾರದ ಉಂಡೆಯನ್ನು ನೆಲದ ಮೇಲೆ ಮಲಗಿಸಿ, ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಐದು ಮೀಟರ್ ಸುತ್ತಿ ಸಡಿಲ ಬಿಡಿ. ದಾರ ತಿರುಚಿಕೊಂಡರೆ ಉಂಡೆಯನ್ನು ಮಗುಚಿ ಹಾಕಿ. ಎಸೆದ ಮೇಲೆ ಬೇಲ್ ತಂತಿಯನ್ನು (ದಾರವನ್ನು ಸ್ಪೂಲಿಗೆ ಸುತ್ತಿಸುವ ಬಾಗಿದ ತಂತಿ) ಹಿಡಿಕೆ ತಿರುಗಿಸಿ ಮುಚ್ಚಬೇಡಿ, ಕೈಯಿಂದಲೇ ಮುಚ್ಚಿ, ದಾರ ಒಮ್ಮೆ ಬಿಗಿ ಎಳೆದುಕೊಳ್ಳಿ. ಗೋಜಲು ಅರ್ಧಕ್ಕರ್ಧ ಅಲ್ಲೇ ತಪ್ಪುತ್ತದೆ. ಗಾಳಕ್ಕೆ ಐದಾರು ಸುತ್ತಿನ ಗಂಟು ಹಾಕಿ, ಎಂಜಲು ಮುಟ್ಟಿಸಿ ನಿಧಾನಕ್ಕೆ ಬಿಗಿಯಿರಿ. ಒಣ ದಾರವನ್ನು ಜಗ್ಗಿದರೆ ಉಜ್ಜಾಟದ ಬಿಸಿಗೆ ನೈಲಾನ್ ಅಲ್ಲೇ ಸೋಲುತ್ತದೆ.

ರೀಲಿನ ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬಿಗಿ, ಪರವಾಗಿಲ್ಲ, ಹದ ಮಾಡಿಕೊಂಡರೆ. 0.30 ದಾರ ಸುಮಾರು 6 ಕೆಜಿ ತಾಳುತ್ತದೆ, ಡ್ರ್ಯಾಗ್ ಅದರ ಕಾಲುಭಾಗಕ್ಕೆ ಬಿಟ್ಟುಕೊಡಬೇಕು. ಒಂದೂವರೆ ಲೀಟರ್ ನೀರಿನ ಬಾಟಲಿ ಕಟ್ಟಿ, ರಾಡನ್ನು ಬಗ್ಗಿಸದೆ ದಾರವನ್ನು ರೀಲಿನಿಂದ ನೇರ ಕೆಳಗೆ ಇಳಿಬಿಡಿ. ಬಾಟಲಿ ನಿಧಾನಕ್ಕೆ ಇಳಿಯುವಷ್ಟು ನಾಬ್ ತಿರುಗಿಸಿ. ರಾಡಿನ ತುದಿಯಿಂದ ಬಾಟಲಿ ಎತ್ತಿ ನೋಡಲು ಹೋದರೆ ತುದಿಯ ತುಂಡೇ ಮುರಿಯುತ್ತದೆ. ಮನೆಗೆ ಬಂದ ಮೇಲೆ ನಾಬ್ ಪೂರ್ತಿ ಸಡಿಲಿಸಿಡಿ, ಇಲ್ಲದಿದ್ದರೆ ಒಳಗಿನ ವಾಷರ್ ಅಮುಕಿಕೊಂಡು ಮುಂದಿನ ಸಲ ಜರ್ಕ್ ಹೊಡೆಯುತ್ತದೆ.

ರಾಡಿನ ನಿಜವಾದ ಶತ್ರು ಮರಳು. ದಡದಲ್ಲಿ ಬಿಚ್ಚಿ ನೆಲಕ್ಕಿಟ್ಟರೆ ಮರಳು ಕೂಡುಗಳ ಒಳಗೆ ಸೇರಿ, ಮಡಚುವಾಗ ತುಂಡುಗಳು ಸಿಕ್ಕಿಕೊಳ್ಳುತ್ತವೆ. ಕವಲು ಕಡ್ಡಿ ನೆಟ್ಟು ಅದರ ಮೇಲಿಡಿ, ಮಡಚುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿಚ್ಚುವಾಗ ತೆಳುವಾದ ತುದಿಯಿಂದ ಶುರುಮಾಡಿ, ರಿಂಗುಗಳು ಒಂದೇ ಸಾಲಿಗೆ ಬರುವಂತೆ ಸ್ವಲ್ಪ ತಿರುಗಿಸಿ ಬಿಗಿಮಾಡಿದರೆ ಸಾಕು. ಮಡಚುವಾಗ ದಪ್ಪ ತುಂಡಿನಿಂದ ಶುರುಮಾಡಿ. ಸಿಕ್ಕಿಕೊಂಡರೆ ಕೂಡಿನ ಎರಡೂ ಬದಿ ಸೈಕಲ್ ಟ್ಯೂಬಿನ ತುಂಡು ಸುತ್ತಿ, ತಿರುಚುತ್ತಾ ಒಳಕ್ಕೆ ನೂಕಿ. ಇಕ್ಕಳ ಹಾಕಿದರೆ ಫೈಬರ್ ಸೀಳುತ್ತದೆ. ಸೀಸ 10ರಿಂದ 20 ಗ್ರಾಂ ಇರಲಿ. 30 ದಾಟಿಸಿ ಜೋರಾಗಿ ಬೀಸಿದರೆ ತುದಿಯ ಎರಡು ತುಂಡು ಉಳಿಯುವ ಭರವಸೆಯಿಲ್ಲ.

ಸೆಟ್‌ನ ಗಾಳಗಳು ಮೊಂಡು, ಕೆಲವು ಎಳೆದರೆ ನೆಟ್ಟಗಾಗುತ್ತವೆ. ಜಿಲೇಬಿಯ ಬಾಯಿ ಚಿಕ್ಕದು, ಅದಕ್ಕೆ 8 ಅಥವಾ 10ನೇ ನಂಬರ್, ರೋಹು, ಮೃಗಾಲಕ್ಕೆ 4 ಅಥವಾ 6. ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು ಎಂಬುದು ನೆನಪಿರಲಿ. ಮೀನನ್ನು ಒಂದೆಡೆ ಸೇರಿಸಲು ನೀರಿಗೆ ಎಸೆಯುವ ಉಂಡೆಗೆ ಎರಡು ಪಾಲು ಶೇಂಗಾ ಹಿಂಡಿ, ಎರಡು ಪಾಲು ಅಕ್ಕಿ ತೌಡು, ಒಂದು ಪಾಲು ಪುಡಿ ಮಾಡಿದ ಮಂಡಕ್ಕಿ. ನಮ್ಮೂರ ಮಂಡಕ್ಕಿ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ: ಅದು ಹಗುರ, ಉಂಡೆಯನ್ನು ನೀರಲ್ಲಿ ಬೇಗ ಒಡೆಸುತ್ತದೆ. ಕಾಟ್ಲಾ ಮೇಲ್ನೀರಲ್ಲಿ ಮೇಯುವ ಮೀನು, ಅದಕ್ಕೆ ಮಂಡಕ್ಕಿ ಹೆಚ್ಚಿಸಿ. ಮೃಗಾಲ ತಳದ ಮೀನು, ಅದಕ್ಕೆ ಕಡಿಮೆ ಮಾಡಿ. ಗಾಳಕ್ಕೆ ಗೋಧಿ ಹಿಟ್ಟು ಸಿಕ್ಕಿಸುವುದಾದರೆ ಚಿಟಿಕೆ ಹತ್ತಿ ಕಲಸಿ, ಬೇಗ ಕರಗುವುದಿಲ್ಲ. ಜಿಲೇಬಿಗೆ ಎರೆಹುಳು ಸಾಕು.

ಹಿರಿಯೂರಿನ ವಾಣಿವಿಲಾಸ ಸಾಗರದ ಮಾತು ಬೇರೆ. 1907ರಲ್ಲಿ ಮುಗಿದ ಆ ಜಲಾಶಯ ಎರಡು ಗುಡ್ಡಗಳ ನಡುವೆ ಕಟ್ಟಿದ್ದು. ಇಳಿಜಾರು ದಡ ಕೆಲವೇ ಹೆಜ್ಜೆಗೆ ಆಳ ಮುಟ್ಟುವ ಕಡೆ ಬೆಂಡು ತೆಗೆದು ತಳಕ್ಕೆ ಸೀಸ ಇಳಿಸಬೇಕು. ಕಲ್ಲಿನ ಸಂದಿಯಲ್ಲಿ ಸೀಸ ಸಿಕ್ಕರೆ ಈ ರಾಡಿನಿಂದ ಜಗ್ಗಬೇಡಿ, ದಾರವನ್ನು ಬಟ್ಟೆಗೆ ಸುತ್ತಿ ಕೈಯಿಂದ ಎಳೆಯಿರಿ.

ಭದ್ರಾ ಚಾನಲ್‌ನ ಸಿಮೆಂಟ್ ಇಳಿಜಾರಲ್ಲಿ ನಿಂತು ಗಾಳ ಹಾಕಲೇಬೇಡಿ. ಪಾಚಿ ಕಟ್ಟಿದ ಜಾಗದಲ್ಲಿ ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ, ನೀರಿನ ಓಟ ಮೇಲೆ ಬರಲು ಬಿಡುವುದಿಲ್ಲ. ರಾಡಿನ ಮೇಲೆ ಕಾರ್ಬನ್ ಎಂದು ಬರೆದಿದ್ದರೆ ಅದು ವಿದ್ಯುತ್ ಹರಿಸುತ್ತದೆ. ಗದ್ದೆ ಬದಿಯ ಪಂಪ್‌ಸೆಟ್ ತಂತಿಗಳ ಕೆಳಗೆ ಮಡಚಿಕೊಂಡೇ ನಡೆಯಿರಿ, ಏಪ್ರಿಲ್ ಸಂಜೆ ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ದಡ ಬಿಡಿ. ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋದ ಕೆರೆಗಳಲ್ಲಿ ಗುತ್ತಿಗೆದಾರರನ್ನೋ ಮೀನುಗಾರರ ಸಂಘವನ್ನೋ ಕೇಳದೆ ಗಾಳ ಬಿಡಬೇಡಿ.

ಕೊಳ್ಳುವಾಗ ಅಂಗಡಿಯಲ್ಲೇ ರಾಡ್ ಪೂರ್ತಿ ಬಿಚ್ಚಿಸಿ. ಪ್ರತಿ ರಿಂಗಿನ ಒಳಗೆ ಹತ್ತಿ ಎಳೆದು ನೋಡಿ, ಎಳೆ ಸಿಕ್ಕಿಕೊಂಡರೆ ಅದೇ ಜಾಗ ದಾರವನ್ನೂ ಕೊಯ್ಯುತ್ತದೆ. ರೀಲಿನ ಹಿಡಿಕೆ ತಿರುಗಿಸಿ, ಕರಕರ ಸದ್ದು ಬಂದರೆ ಬೇರೆ ಪೀಸ್ ಕೇಳಿ. ತುದಿಯ ರಿಂಗ್ ಬೆರಳಲ್ಲಿ ಹಿಡಿದು ಅಲ್ಲಾಡಿಸಿದಾಗ ಗೋಂದು ಬಿಟ್ಟಿದ್ದರೆ ತೆಗೆದುಕೊಳ್ಳಬೇಡಿ.