ಬೆಳಗಿನ ಮಾತೋ, ಹಾಜರಿ ದುಡ್ಡೋ?

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲ್‌ನವರು ಕೇಳಿದ್ದೀರಿ: ಹುಡುಗರ ಹುರುಪಿಗೆ ದಿನಾ ಐದು ನಿಮಿಷ ಮಾತಾಡೋದಾ, ತಪ್ಪದೆ ಬಂದರೆ ಹೆಚ್ಚು ದುಡ್ಡು ಕೊಡೋದಾ?

ಮಾತಿಗೆ ಖರ್ಚಿಲ್ಲ. ಆದರೆ ಒಲೆ ಹಚ್ಚುವ ಹೊತ್ತಿಗೆ ಯಜಮಾನರು ಅಲ್ಲಿರಬೇಕು. ಹಾಜರಿ ದುಡ್ಡು ತಿಂಗಳ ಹೊರೆ, ಶುರು ಮಾಡಿದ ಮೇಲೆ ನಿಲ್ಲಿಸೋದು ಕಷ್ಟ. 20 ಅಥವಾ ಹೆಚ್ಚು ಕೆಲಸಗಾರರಿದ್ದರೆ ಅರ್ಹರಿಗೆ ವರ್ಷಕ್ಕೆ ಕನಿಷ್ಠ ಶೇ 8.33 ಬೋನಸ್ ಬೇರೆ, ಅದು ಕಾನೂನು.

ದುಡ್ಡು ಹುಡುಗರನ್ನು ಹೊತ್ತಿಗೆ ಕರೆತರುತ್ತದೆ, ಅಷ್ಟೇ. "ನಿನ್ನೆ ಕಾವಲಿ ಹತ್ತಿರ ರಶ್ ಆಯ್ತಲ್ಲ, ಏನು ಮಾಡೋಣಪ್ಪಾ?" ಅಂತ ಕೇಳಿ ನೋಡಿ. ಹಿಟ್ಟು ಹುಳಿ ಬಂದದ್ದನ್ನೂ ಅವರೇ ಮೊದಲು ಹೇಳುತ್ತಾರೆ. ಎಲ್ಲರೆದುರು ಮಾತ್ರ ಬೈಯಬೇಡಿ.

ಸುಮ್ನೆ ರಜೆ ಹಾಕೋದು ಜಾಸ್ತಿಯಿದ್ದರೆ ದುಡ್ಡಿನ ದಾರಿ ಸರಿ. ಬಂದರೂ ಹೇಳಿದಷ್ಟೇ ಮಾಡುತ್ತಾರೆ ಅಂದರೆ, ಮಾತಿನಿಂದ ಶುರು ಮಾಡಿ.